ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ

ಹೋದ ತಿಂಗಳು ಎಲ್ ನಿನೋ ಬಗ್ಗೆ, ಅಂದರೆ ಪೆಸಿಫಿಕ್ ಸಾಗರದ ಸಮಭಾಜಕದ ನೀರು ಕೆಲವು ವರ್ಷಕ್ಕೊಮ್ಮೆ ಮಾಮೂಲಿಗಿಂತ ಬೆಚ್ಚಗಾಗುವುದರ ಬಗ್ಗೆ ಬರೆಯುವಾಗ, ಸಮುದ್ರದೊಳಗೆ ನೂರಾರು ಕಿಲೋಮೀಟರ್ ಉದ್ದದ ಅಲೆಗಳು ತಿಂಗಳುಗಟ್ಟಲೆ ನಡೆಯುತ್ತಿರುತ್ತವೆ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿದ್ದೆ. ಇಡೀ ಲೇಖನಕ್ಕೆ ಬಂದದ್ದಕ್ಕಿಂತ ಜಾಸ್ತಿ ಪ್ರಶ್ನೆ ಆ ಒಂದು ಸಾಲಿಗೇ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಮೊದಲು ಮಾಲಿಮ್ ಜೆಟ್ಟಿಯಿಂದ ಬಂದ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಉಳಿದವರು ಓದಿ ಕೇಳಿದ್ದಾರೆ, ಇವರು ಬಲೆ ಎಳೆದು ಕೇಳಿದ್ದಾರೆ.

ಪ್ರಶ್ನೆ: ನಾನು ಅಂಕೋಲಾ ಕಡೆಯವ. ಹನ್ನೊಂದು ವರ್ಷದಿಂದ ಗೋವಾದ ಮಾಲಿಮ್‌ನಲ್ಲಿ ಬೋಟಿನ ಮೇಲೆ ಇದ್ದೇನೆ. ಡಿಸೆಂಬರ್, ಜನವರಿಯಲ್ಲಿ ಗಾಳಿ ಉತ್ತರದ ಕಡೆಯಿಂದ ಬರುತ್ತದೆ. ಆದರೆ ರಾತ್ರಿ ಬಲೆ ಬಿಟ್ಟು ಕೂತರೆ ಬೆಳಗಾಗುವಷ್ಟರಲ್ಲಿ ಬೋಟು, ಬಲೆ ಎರಡೂ ಉತ್ತರಕ್ಕೇ ಹೋಗಿರುತ್ತವೆ. ಗಾಳಿಗೆ ಎದುರಾಗಿ ನೀರು ಹೋಗುವುದು ಹೇಗೆ? ಕೇಳಿದರೆ ಬೋಟು ನಡೆಸುವ ತಾಂಡೇಲರು "ಅದು ಹಾಗೇ" ಅಂತಾರೆ.

ಉತ್ತರ: ತಾಂಡೇಲರ ಮಾತು ಸರಿ, ಅದು ಹಾಗೇ. ಯಾಕೆ ಹಾಗೆ ಅಂತ ಹೇಳುವುದಕ್ಕೆ ಮಾತ್ರ ಬಂಗಾಳ ಕೊಲ್ಲಿವರೆಗೆ ಹೋಗಿ ಬರಬೇಕು.

ಮೊದಲು ಒಂದು ವಿಷಯ. ಸಮುದ್ರದ ಮೇಲ್ಮೈ ಸಮತಟ್ಟಾಗಿ ಇರುವುದಿಲ್ಲ. ಅಲೆ, ಉಬ್ಬರ ಎಲ್ಲ ಬದಿಗಿಟ್ಟರೂ ಅಲ್ಲಲ್ಲಿ ಸ್ವಲ್ಪ ಉಬ್ಬು, ಸ್ವಲ್ಪ ತಗ್ಗು ಇದ್ದೇ ಇರುತ್ತದೆ. ಚಳಿಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಹತ್ತಿರ ನೀರು ಒಂದಿಷ್ಟು ಎತ್ತರದಲ್ಲಿರುತ್ತದೆ, ಹೊರಗೆ ಹೋದಂತೆ ಇಳಿಯುತ್ತದೆ. ಇಳಿಜಾರು ಅಂದರೆ ಎಷ್ಟು ಗೊತ್ತಾ? ನೂರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಪಣಜಿಯಿಂದ ಕಾರವಾರಕ್ಕೆ ಹೋಗುವಷ್ಟು ದೂರಕ್ಕೆ ಒಂದು ಗೇಣಿಗಿಂತ ಕಡಿಮೆ. ನಿಮ್ಮ ಬೋಟಿನ ಮೇಲೆ ನಿಂತು ಜನ್ಮವಿಡೀ ನೋಡಿದರೂ ಕಾಣುವುದಿಲ್ಲ.

ನೀರಿಗೆ ಮಾತ್ರ ಅಷ್ಟೇ ಸಾಕು. ಎತ್ತರದಿಂದ ತಗ್ಗಿಗೆ, ಅಂದರೆ ದಡದಿಂದ ಪಶ್ಚಿಮಕ್ಕೆ ಹೊರಡುತ್ತದೆ. ಭೂಮಿ ತಿರುಗುತ್ತಾ ಇರುವುದರಿಂದ ನಮ್ಮ ಉತ್ತರಾರ್ಧದಲ್ಲಿ ಹರಿಯುವ ಯಾವುದೇ ವಸ್ತು ತನ್ನ ಬಲಗಡೆಗೆ ವಾಲುತ್ತದೆ, ಇದಕ್ಕೆ ಕೊರಿಯೊಲಿಸ್ ಪರಿಣಾಮ ಅಂತಾರೆ. ಪಶ್ಚಿಮಕ್ಕೆ ಮುಖ ಮಾಡಿ ನಿಂತವನ ಬಲಗೈ ಯಾವ ಕಡೆ? ಉತ್ತರ. ಹೀಗೆ ಇಳಿಜಾರಿನಲ್ಲಿ ಇಳಿಯಬೇಕಿದ್ದ ನೀರು ಇಳಿಯದೆ, ಇಳಿಜಾರಿಗೆ ಅಡ್ಡವಾಗಿ ದಡದ ಉದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಹತ್ತು ಸೆಂಟಿಮೀಟರಿನ ಆ ಇಳಿಜಾರಿಗೆ ಲೆಕ್ಕ ಹಾಕಿದರೆ ಗೋವಾದ ಹತ್ತಿರ ಗಂಟೆಗೆ ಸುಮಾರು ಒಂದು ಕಿಲೋಮೀಟರ್ ಸೆಳೆತ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಬಲೆ ಬಿಟ್ಟು ಬೆಳಗ್ಗೆ ಐದಕ್ಕೆ ಎಳೆದರೆ ಏಳೆಂಟು ಕಿಲೋಮೀಟರ್ ಆಯಿತಲ್ಲ! ಉಬ್ಬರ ಇಳಿತದ ಸೆಳೆತವೂ ಜೊತೆಗಿರುತ್ತದೆ. ಆದರೆ ಅದು ಒಮ್ಮೆ ಒಯ್ದು ಇನ್ನೊಮ್ಮೆ ವಾಪಸ್ ತರುತ್ತದೆ, ಇದು ಒಯ್ಯುತ್ತಲೇ ಇರುತ್ತದೆ. ಉತ್ತರದಿಂದ ಬರುವ ಗಾಳಿ ತಡೆಯುವುದಕ್ಕೆ ನೋಡುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಅಷ್ಟು ಜೋರಿಲ್ಲ, ಸಾಲುವುದಿಲ್ಲ.

ಈಗ ಅಸಲು ಪ್ರಶ್ನೆ. ದಡದ ಹತ್ತಿರ ನೀರನ್ನು ಏರಿಸಿದ್ದು ಯಾರು? ಇಲ್ಲಿನ ಗಾಳಿ ಅಲ್ಲ, ಆ ಕಡೆಯ ಗಾಳಿ. ನವೆಂಬರ್, ಡಿಸೆಂಬರಿನಲ್ಲಿ ಚೆನ್ನೈ, ವಿಶಾಖಪಟ್ಟಣದ ಕಡೆ ಈಶಾನ್ಯದ ಗಾಳಿ ಬೀಸುತ್ತದೆ. ಗಾಳಿ ತಳ್ಳಿದ ನೀರು ಅದೇ ಬಲಕ್ಕೆ ವಾಲುವ ಚಾಳಿಯಿಂದ ಪೂರ್ವ ಕರಾವಳಿಗೆ ಹೋಗಿ ಒತ್ತುತ್ತದೆ, ಅಲ್ಲಿ ನೀರು ಏರುತ್ತದೆ. ಆ ಏರಿಕೆ ಅಲ್ಲೇ ಕೂರುವುದಿಲ್ಲ. ದಡವನ್ನು ತನ್ನ ಬಲಗಡೆ ಇಟ್ಟುಕೊಂಡು, ಗೋಡೆ ಹಿಡಿದು ನಡೆಯುವ ಮಗುವಿನ ಹಾಗೆ, ದಕ್ಷಿಣಕ್ಕೆ ಹೊರಡುತ್ತದೆ. ಶ್ರೀಲಂಕಾ ಸುತ್ತಿ, ಕನ್ಯಾಕುಮಾರಿ ದಾಟಿ, ಕೇರಳ, ಮಂಗಳೂರು, ಕಾರವಾರ ಅಂತ ಮೇಲಕ್ಕೆ ಬರುತ್ತದೆ. ಇದಕ್ಕೆ ಕೆಲ್ವಿನ್ ಅಲೆ ಅಂತ ಹೆಸರು. ವೇಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್, ದಿನಕ್ಕೆ ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಚೆನ್ನೈ ಹತ್ತಿರ ಆದದ್ದು ಹತ್ತು, ಹನ್ನೆರಡು ದಿನದಲ್ಲಿ ನಿಮ್ಮ ಬಲೆಗೆ ಗೊತ್ತಾಗುತ್ತದೆ ಅಂದ ಹಾಗಾಯಿತು.

ಇನ್ನೂ ದೂರದಿಂದಲೂ ಬರುತ್ತದೆ. ಸಮಭಾಜಕದ ಮೇಲೆ ಗಾಳಿ ಪೂರ್ವಕ್ಕೆ ತಳ್ಳಿದಾಗ ಎದ್ದ ಕೆಲ್ವಿನ್ ಅಲೆ ಸುಮಾತ್ರಾಕ್ಕೆ ಬಡಿದು, ಅದರಲ್ಲಿ ಒಂದು ಪಾಲು ಮ್ಯಾನ್ಮಾರ್, ಬಾಂಗ್ಲಾದೇಶ ಅಂತ ಬಂಗಾಳ ಕೊಲ್ಲಿಯನ್ನೆಲ್ಲ ಪ್ರದಕ್ಷಿಣೆ ಹಾಕಿ ಇಲ್ಲಿಗೆ ಬರುತ್ತದೆ. ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಗೋವಾದ ಆಚೆ ನೀರಿನಲ್ಲಿ ಯಂತ್ರ ಕಟ್ಟಿ ನಿಲ್ಲಿಸಿ, ಅದು ಬಿಟ್ಟ ಶಬ್ದ ಮರಳಿ ಬರುವ ರೀತಿಯಿಂದ ಸೆಳೆತ ಅಳೆಯುತ್ತಾರೆ. ಸೆಳೆತ ವಾರಗಳ ಲೆಕ್ಕದಲ್ಲಿ ಹಿಂದೆ ಮುಂದೆ ಆಗುವುದಕ್ಕೂ ದೂರದ ಸಮಭಾಜಕದ ಗಾಳಿಗೂ ಸಂಬಂಧ ಇದೆ ಅಂತ ಅಲ್ಲಿನ ವಿಜ್ಞಾನಿಗಳೂ ಸೇರಿ ಬರೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿದೆ. ಡಿಸೆಂಬರಿನಲ್ಲೇ ಕೆಲವು ದಿನ ಸೆಳೆತ ಇದ್ದಕ್ಕಿದ್ದಂತೆ ಸತ್ತು ಹೋಗುತ್ತದೆ, ಅಥವಾ ಉಲ್ಟಾ ಆಗುತ್ತದೆ ಅಲ್ವಾ? ಮುಂದಿನ ಸಲ ಹಾಗಾದಾಗ ತಾಂಡೇಲರಿಗೆ ಹೇಳಿ, ತಪ್ಪು ಇಲ್ಲಿಯದಲ್ಲ, ಸುಮಾತ್ರಾ ಕಡೆ ಏನೋ ಆಗಿದೆ ಅಂತ.

ಮಳೆಗಾಲದಲ್ಲಿ ಇದೆಲ್ಲ ತಿರುಗುಮುರುಗು. ದಡದ ಹತ್ತಿರ ನೀರು ತಗ್ಗುತ್ತದೆ, ಸೆಳೆತ ದಕ್ಷಿಣಕ್ಕೆ. ಆಗ ನೀವು ಊರಲ್ಲಿರುತ್ತೀರಿ.

ಪ್ರಶ್ನೆ: ಪುಣೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ರಾಸ್ಬಿ ಅಲೆ ಅಂದರೆ ಆಕಾಶದಲ್ಲಿ ತುಂಬ ಎತ್ತರದಲ್ಲಿ ಬೀಸುವ ಜೋರು ಗಾಳಿ, ಜೆಟ್ ಸ್ಟ್ರೀಮ್, ಹಾವಿನ ಹಾಗೆ ಬಳುಕುವುದು ಅಂತ ಓದಿದ್ದೆ. ಸಮುದ್ರದಲ್ಲೂ ಅದೇನಾ? ಮತ್ತೆ ಅದು ಯಾವಾಗಲೂ ಪಶ್ಚಿಮಕ್ಕೇ ಹೋಗುತ್ತದೆ ಅಂತಾರಲ್ಲ, ಯಾಕೆ? ಸೂತ್ರ ಬರುತ್ತದೆ, ಅರ್ಥ ಆಗುವುದಿಲ್ಲ.

ಉತ್ತರ: ಸೂತ್ರ ಬರುತ್ತದೆ, ಅರ್ಥ ಆಗಲ್ಲ ಅಂತ ಒಪ್ಪಿಕೊಂಡದ್ದೇ ಖುಷಿ. ನನಗೂ ಎಷ್ಟೋ ವರ್ಷ ಹಾಗೇ ಇತ್ತು.

ಎರಡೂ ಒಂದೇ ಜಾತಿ. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಕಾರ್ಲ್ ಗುಸ್ತಾಫ್ ರಾಸ್ಬಿ 1939ರಲ್ಲಿ ವಾತಾವರಣದ ದೊಡ್ಡ ಬಳುಕುಗಳನ್ನು ವಿವರಿಸಿದರು. ಅದೇ ಕಾರಣ ಸಮುದ್ರಕ್ಕೂ ಹೊಂದುತ್ತದೆ, ಅಲ್ಲಿ ಎಲ್ಲ ತುಂಬ ನಿಧಾನ ಅಷ್ಟೇ.

ಗೋಡೆ ಗಡಿಯಾರ ಒಂದನ್ನು ನೋಡಿ. ಮೇಲುಗಡೆ ಉತ್ತರ, ಎಡಗಡೆ ಪಶ್ಚಿಮ ಅಂದುಕೊಳ್ಳಿ. ಭೂಮಿಯ ತಿರುಗುವಿಕೆ ನೀರಿಗೆ ಕೊಡುವ ಸುತ್ತು ಸಮಭಾಜಕದಲ್ಲಿ ಸೊನ್ನೆ, ಉತ್ತರಕ್ಕೆ ಹೋದಷ್ಟೂ ಜಾಸ್ತಿ. ಈಗ ಒಂದಿಷ್ಟು ನೀರನ್ನು ಯಾವುದೋ ಗಾಳಿ ಉತ್ತರಕ್ಕೆ ತಳ್ಳಿತು. ಅಲ್ಲಿ ಭೂಮಿಯಿಂದ ಸಿಗುವ ಸುತ್ತು ಜಾಸ್ತಿ. ಒಟ್ಟು ಸುತ್ತು ಬದಲಾಗಬಾರದು ಅನ್ನುವುದು ನಿಯಮ. ಅದಕ್ಕೆ ಆ ನೀರು ತನ್ನದೇ ಒಂದು ಉಲ್ಟಾ ಸುತ್ತು ಶುರು ಮಾಡುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ. ಮುಳ್ಳು ಎಡಗಡೆ ಬಂದಾಗ ಎತ್ತ ಹೋಗುತ್ತದೆ? ಒಂಬತ್ತರಿಂದ ಹನ್ನೆರಡಕ್ಕೆ, ಅಂದರೆ ಮೇಲಕ್ಕೆ. ಬಲಗಡೆ ಕೆಳಕ್ಕೆ. ಹಾಗಾಗಿ ಈ ಸುಳಿಯ ಪಶ್ಚಿಮಕ್ಕಿರುವ ಪಕ್ಕದ ನೀರು ಉತ್ತರಕ್ಕೆ ತಳ್ಳಿಸಿಕೊಳ್ಳುತ್ತದೆ, ಪೂರ್ವಕ್ಕಿರುವುದು ವಾಪಸ್ ದಕ್ಷಿಣಕ್ಕೆ ಇಳಿಯುತ್ತದೆ. ಮೊದಲು ಇಲ್ಲಿದ್ದ ಉಬ್ಬು ಈಗ ಒಂದು ಹೆಜ್ಜೆ ಪಶ್ಚಿಮಕ್ಕೆ ಸರಿಯಿತು. ಅಲ್ಲೂ ಅದೇ ಕತೆ, ಇನ್ನೊಂದು ಹೆಜ್ಜೆ. ನೀರು ದೂರ ಹೋಗುವುದಿಲ್ಲ, ಆಕಾರ ಮಾತ್ರ ಹೋಗುತ್ತದೆ. ಆಕಾಶದಲ್ಲಿ ಪಶ್ಚಿಮದ ಗಾಳಿಯೇ ಜೋರು, ಅದು ಅಲೆಯನ್ನು ಹೊತ್ತುಕೊಂಡು ಪೂರ್ವಕ್ಕೆ ಓಡುವುದರಿಂದ ಅಲ್ಲಿ ಇದು ಅಷ್ಟು ಸ್ಪಷ್ಟ ಆಗುವುದಿಲ್ಲ. ಸಮುದ್ರದಲ್ಲಿ ಚೆನ್ನಾಗಿ ಕಾಣುತ್ತದೆ.

ವೇಗದ ಲೆಕ್ಕ ನೀವೇ ಹಾಕಿ, ಸೂತ್ರ ಬರುತ್ತದಲ್ಲ. ನನಗೆ ಬಂದದ್ದು ಹೀಗೆ: ಕೇರಳ, ಲಕ್ಷದ್ವೀಪದ ಎತ್ತರದಲ್ಲಿ, ಅಂದರೆ 10 ಡಿಗ್ರಿ ಅಕ್ಷಾಂಶದಲ್ಲಿ ದಿನಕ್ಕೆ ಸುಮಾರು 19 ಕಿಲೋಮೀಟರ್. ಗೋವಾದ ನೇರದಲ್ಲಿ ಎಂಟು ಚಿಲ್ಲರೆ. ಮುಂಬೈ ದಾಟಿ 20 ಡಿಗ್ರಿಗೆ ಹೋದರೆ ಐದೂ ಇಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಸಮಭಾಜಕಕ್ಕೆ ಹತ್ತಿರ ಇದ್ದಷ್ಟೂ ಅಲೆ ಚುರುಕು. ಹಾಗಾಗಿ ನಮ್ಮ ಅರಬ್ಬಿ ಸಮುದ್ರದ ದಕ್ಷಿಣ ಭಾಗ ಕೆಲವೇ ತಿಂಗಳಲ್ಲಿ ದಡದಿಂದ ದಡಕ್ಕೆ ಸುದ್ದಿ ಮುಟ್ಟಿಸುತ್ತದೆ, ಜಪಾನಿನ ನೇರದಲ್ಲಿ ಪೆಸಿಫಿಕ್ ದಾಟುವುದಕ್ಕೆ ಅದೇ ಅಲೆಗೆ ಹತ್ತು ವರ್ಷ ಬೇಕಾದರೂ ಆಶ್ಚರ್ಯ ಇಲ್ಲ. ಮುಂಗಾರು, ಹಿಂಗಾರು ಅಂತ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುವ ಹೊಡೆತಕ್ಕೆ ಇಲ್ಲಿನ ನೀರು ಕೂಡಲೇ ತಾಳ ಹಾಕಬಲ್ಲದು. ಮೇಲಿನ ಅಕ್ಷಾಂಶದ ಸಮುದ್ರಗಳಿಗೆ ಆ ಚುರುಕು ಇಲ್ಲ.

ಇನ್ನೊಂದು. ಮಾಲಿಮ್‌ನವರಿಗೆ ಹೇಳಿದ ಕೆಲ್ವಿನ್ ಅಲೆ ದಡ ಹಿಡಿದು ಉತ್ತರಕ್ಕೆ ಹೋಗುವಾಗಲೇ ಅದರ ಒಂದಿಷ್ಟು ಶಕ್ತಿ ರಾಸ್ಬಿ ಅಲೆಯಾಗಿ ಪಶ್ಚಿಮಕ್ಕೆ ಸೋರುತ್ತಾ ಇರುತ್ತದೆ. ಲಕ್ಷದ್ವೀಪದ ಹತ್ತಿರ ಚಳಿಗಾಲದಲ್ಲಿ ನೀರಿನ ದೊಡ್ಡ ಉಬ್ಬು ಒಂದು ಏಳುತ್ತದೆ, ಅದರ ಹೆಸರೇ ಲಕ್ಷದ್ವೀಪ ಹೈ. ದೋನಾ ಪಾವ್ಲಾದ ಶಂಕರ್ ಮತ್ತು ಸತೀಶ್ ಶೇಟ್ಯೆ 1997ರಲ್ಲಿ ಇದನ್ನು ಇದೇ ಅಲೆಗಳ ಲೆಕ್ಕದಲ್ಲಿ ವಿವರಿಸಿದರು. ಪೇಪರ್ ಹುಡುಕಿ ಓದಿ. ನೀವು ಪುಣೆಯಲ್ಲಿದ್ದೀರಿ, ಅಲ್ಲಿನ ಪಾಷಾಣ್ ಬಡಾವಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆಯೇ ಇದೆ, ಹೋಗಿ ಕೇಳುವುದಕ್ಕೆ ಜನರೂ ಸಿಗುತ್ತಾರೆ.

ಪ್ರಶ್ನೆ: ನಮ್ಮ ಹೋಟೆಲಿನ ವಾಟ್ಸಾಪ್ ಗುಂಪಿನಲ್ಲಿ "ಭಾರತದತ್ತ ದೈತ್ಯ ಅಲೆ, ನಾಸಾ ಎಚ್ಚರಿಕೆ" ಅಂತ ಬಂದಿತ್ತು. ನಿಮ್ಮ ಲೇಖನವೂ ಅದೇ ವಾರ ಬಂತು. ನಾವು ಮುಂಬೈಯಲ್ಲಿ, ಅದೂ ಗ್ರೌಂಡ್ ಫ್ಲೋರ್. ಮಳೆಗಾಲದಲ್ಲಿ ನೀರು ನುಗ್ಗುವುದು ಇದಕ್ಕೇನಾ?

ಉತ್ತರ: ಅಲ್ಲ. ಆ ಮೆಸೇಜು ಡಿಲೀಟ್ ಮಾಡಿ, ಇಡ್ಲಿ ಹಿಟ್ಟು ರುಬ್ಬಿ.

ಈ ಅಲೆ ದೈತ್ಯ ಹೌದು, ಉದ್ದದಲ್ಲಿ. ಎತ್ತರದಲ್ಲಿ ಅಂಗೈಯಷ್ಟೂ ಇಲ್ಲ. ಐದು, ಹತ್ತು ಸೆಂಟಿಮೀಟರ್ ಉಬ್ಬು ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ, ದಾಟಿ ಹೋಗುವುದಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಮುಂಬೈಯಲ್ಲಿ ಮಹಾನಗರ ಪಾಲಿಕೆ ಮಳೆಗಾಲಕ್ಕೆ ಮುಂಚೆ ನಾಲ್ಕೂವರೆ ಮೀಟರ್ ದಾಟುವ ಭರತಿಯ ದಿನಗಳ ಪಟ್ಟಿ ಕೊಡುತ್ತದಲ್ಲ, ಅದನ್ನು ನೋಡಿ. ನೀರು ನಿಲ್ಲುವುದು ಆ ಭರತಿ ಮತ್ತು ಜೋರು ಮಳೆ ಒಟ್ಟಿಗೆ ಬಂದಾಗ, ಚರಂಡಿ ನೀರು ಸಮುದ್ರಕ್ಕೆ ಇಳಿಯಲಾಗದೆ. ನಾಲ್ಕೂವರೆ ಮೀಟರಿನ ಮುಂದೆ ಹತ್ತು ಸೆಂಟಿಮೀಟರ್ ಏನು ಮಹಾ. ಅಪೋಲೊ ಬಂದರಿನಲ್ಲಿ 1878ರಿಂದ ನೀರಿನ ಮಟ್ಟ ಬರೆದಿಟ್ಟಿದ್ದಾರೆ. ಆ ಉಬ್ಬರ ಇಳಿತವನ್ನೆಲ್ಲ ಕಳೆದು ಉಳಿದದ್ದನ್ನು ನೋಡಿದರೆ ಋತುವಿನ ಏರಿಳಿತ ಕಾಣುತ್ತದೆ, ಅಷ್ಟೆ.

ನಾಸಾ ಹೆಸರು ಹೇಗೆ ಬಂತು ಅಂತ ಊಹಿಸಬಲ್ಲೆ. ಈ ಅಲೆಗಳನ್ನು ನೋಡುವುದು ಉಪಗ್ರಹದಿಂದ. ಅಮೆರಿಕ ಮತ್ತು ಫ್ರಾನ್ಸ್ ಸೇರಿ 1992ರ ಆಗಸ್ಟಿನಲ್ಲಿ ಹಾರಿಸಿದ ಟೋಪೆಕ್ಸ್ ಪೊಸೈಡನ್, ಸಾವಿರದ ಮುನ್ನೂರು ಕಿಲೋಮೀಟರಿಗಿಂತ ಎತ್ತರದಿಂದ ರೇಡಾರ್ ಬಿಟ್ಟು ಸಮುದ್ರದ ಮಟ್ಟವನ್ನು ಕೆಲವೇ ಸೆಂಟಿಮೀಟರ್ ಆಚೀಚೆ ಅಳೆಯಿತು. ಅದರ ಮಾಹಿತಿ ಹಿಡಿದು 1996ರಲ್ಲಿ ಚೆಲ್ಟನ್ ಮತ್ತು ಶ್ಲಾಕ್ಸ್ ಅನ್ನುವವರು ರಾಸ್ಬಿ ಅಲೆಗಳು ಪಶ್ಚಿಮಕ್ಕೆ ತೆವಳುವುದನ್ನು ಪ್ರಪಂಚದ ಎಲ್ಲ ದೊಡ್ಡ ಸಾಗರಗಳಲ್ಲೂ ತೋರಿಸಿದರು. ತಮಾಷೆ ಅಂದರೆ ಹಳೆಯ ಸಿದ್ಧಾಂತ ಹೇಳಿದ್ದಕ್ಕಿಂತ ಅವು ಮೇಲಿನ ಅಕ್ಷಾಂಶಗಳಲ್ಲಿ ಜೋರಾಗಿ ಹೋಗುತ್ತಿದ್ದವು, ಸಿದ್ಧಾಂತದವರು ಮತ್ತೆ ಲೆಕ್ಕಕ್ಕೆ ಕೂರಬೇಕಾಯಿತು. ನಮ್ಮ ಇಸ್ರೋ ಕೂಡ ಫ್ರಾನ್ಸ್ ಜೊತೆ 2013ರ ಫೆಬ್ರವರಿಯಲ್ಲಿ ಸರಳ್ ಅನ್ನುವ ಉಪಗ್ರಹ ಕಳಿಸಿತ್ತು, ಇದೇ ಕೆಲಸಕ್ಕೆ.

ಪ್ರಶ್ನೆ: ಗಲ್ಫ್ ಸ್ಟ್ರೀಮ್, ಜಪಾನಿನ ಕುರೋಶಿಯೋ, ಆಫ್ರಿಕಾದ ಅಗುಲ್ಹಾಸ್. ಜೋರಾದ ಹರಿವುಗಳೆಲ್ಲ ಆಯಾ ಸಾಗರದ ಪಶ್ಚಿಮ ಅಂಚಿನಲ್ಲೇ ಇವೆ. ಕಾಕತಾಳೀಯವೇ? (ನಿವೃತ್ತ ಭೂಗೋಳ ಶಿಕ್ಷಕ, ಪಿಂಪ್ರಿ)

ಉತ್ತರ: ಅಲ್ಲ ಸರ್. ಗಾಳಿ ಸಾಗರದ ನಡುವೆ ಕೊಟ್ಟ ಶಕ್ತಿಯನ್ನು ಉದ್ದನೆಯ ರಾಸ್ಬಿ ಅಲೆಗಳು ಪಶ್ಚಿಮಕ್ಕೆ ಹೊತ್ತು ತಂದು ದಡದ ಹತ್ತಿರ ಸುರಿಯುತ್ತವೆ. ಅಲ್ಲಿ ಅದು ಇಕ್ಕಟ್ಟಿನಲ್ಲಿ ಸೇರಿಕೊಂಡು ಜೋರಾದ ಹರಿವಾಗುತ್ತದೆ. ಹೆನ್ರಿ ಸ್ಟಾಮಲ್ 1948ರಲ್ಲಿ ಅಕ್ಷಾಂಶದೊಂದಿಗೆ ಬದಲಾಗುವ ಸುತ್ತೇ ಇದಕ್ಕೆ ಕಾರಣ ಅಂತ ಲೆಕ್ಕದಲ್ಲಿ ತೋರಿಸಿದರು. ನಮ್ಮ ಕಡೆಯ ಉದಾಹರಣೆ ಸೋಮಾಲಿ ಹರಿವು. ಮುಂಗಾರಿನಲ್ಲಿ ಸೆಕೆಂಡಿಗೆ ಎರಡು ಮೀಟರ್ ಮೀರುತ್ತದೆ, ಚಳಿಗಾಲದಲ್ಲಿ ದಿಕ್ಕನ್ನೇ ಬದಲಿಸುತ್ತದೆ. ಗಾಳಿ ತಿರುಗಿದ ಮೇಲೆ ಇಷ್ಟು ಬೇಗ ಆ ಹರಿವು ಹೇಗೆ ಎದ್ದು ನಿಲ್ಲುತ್ತದೆ ಅಂತ ಜೇಮ್ಸ್ ಲೈಟ್‌ಹಿಲ್ 1969ರಲ್ಲಿ ಕೇಳಿ, ಸಮಭಾಜಕದ ಹತ್ತಿರದ ಚುರುಕಾದ ಅಲೆಗಳು ಸುಮಾರು ಒಂದು ತಿಂಗಳಲ್ಲಿ ಇದನ್ನು ಮಾಡಬಲ್ಲವು ಅಂದರು. ಸೋಮಾಲಿಯಾ ದಡದ ಮೇಲಿನ ಗಾಳಿಯ ಪಾಲೂ ದೊಡ್ಡದು ಅಂತ ಆಮೇಲೆ ಗೊತ್ತಾಯಿತು. ಅಲೆಗಳೇ ಎಲ್ಲ ಮಾಡುತ್ತವೆ ಅಂತ ನಾನು ಹೇಳಿದರೆ ಅತಿಯಾಗುತ್ತದೆ.

ಪ್ರಶ್ನೆ: ವಾಸ್ಕೋ ಮಾರ್ಕೆಟ್ಟಿನಲ್ಲಿ ಬಂಗಡೆ ರೇಟು ಕೇಳಿದರೆ ತಲೆ ತಿರುಗುತ್ತದೆ. ಇದಕ್ಕೂ ನಿಮ್ಮ ಅಲೆಗೂ ಏನಾದರೂ ಸಂಬಂಧ?

ಉತ್ತರ: ರೇಟಿಗೆ ಸಂಬಂಧ ಇಲ್ಲ ಅಂತಲೇ ಇಟ್ಟುಕೊಳ್ಳಿ, ಅದರಲ್ಲಿ ಡೀಸೆಲ್ಲು, ಐಸು, ದಲ್ಲಾಳಿ ಎಲ್ಲ ಸೇರಿದ್ದಾರೆ. ಮೀನಿನ ಊಟಕ್ಕೆ ಮಾತ್ರ ಸಂಬಂಧ ಇದೆ. ನಮಗೆ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್ ಅಲ್ವಾ, ಆ ಹೊತ್ತಿನಲ್ಲಿ ಕೇರಳ, ಕರ್ನಾಟಕದ ಕರಾವಳಿಯಲ್ಲಿ ಅಡಿಯ ತಣ್ಣನೆಯ ನೀರು ಮೇಲಕ್ಕೆ ಏಳುತ್ತದೆ. ಅದರಲ್ಲಿ ಸತ್ವ ಜಾಸ್ತಿ, ಪಾಚಿಯಂಥ ಸೂಕ್ಷ್ಮ ಜೀವಿ ಬೆಳೆಯುತ್ತದೆ, ಬಂಗಡೆ, ತಾರ್ಲೆಗೆ ಹಬ್ಬ. ಇಲ್ಲಿನ ಗಾಳಿಯೂ ಇದಕ್ಕೆ ಕಾರಣ. ಜೊತೆಗೆ, ದೂರದಿಂದ ದಡ ಹಿಡಿದು ಬರುವ ಅಲೆಯ ತಗ್ಗಿನ ಭಾಗ ಬಂದರೆ ಆ ತಣ್ಣೀರು ಮೊದಲೇ ಮೇಲೆ ಬಂದು ಕೂತಿರುತ್ತದೆ, ಉಬ್ಬಿನ ಭಾಗ ಬಂದರೆ ಕೆಳಗೆ ಒತ್ತಿಹೋಗುತ್ತದೆ. ಅತಿಯಾದರೂ ಕಷ್ಟ. ಮಳೆಗಾಲದ ಕೊನೆಗೆ ಆಮ್ಲಜನಕ ತೀರ ಕಡಿಮೆ ಇರುವ ನೀರು ದಡದ ಹತ್ತಿರದವರೆಗೂ ಬರುತ್ತದೆ, ಮೀನು ಅಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ಎಲ್ ನಿನೋ ಬರುತ್ತದೆ ಅಂತ ತಿಂಗಳುಗಳ ಮುಂಚೆ ಹೇಳುವುದು ಈ ಅಲೆಗಳಿಂದಲೇ?

ಉತ್ತರ: ಒಂದು ಪಾಲು ಹೌದು. ಪೆಸಿಫಿಕ್ಕಿನ ಸಮಭಾಜಕದ ಮೇಲೆ ಕೆಲ್ವಿನ್ ಅಲೆ ಪೂರ್ವಕ್ಕೆ ದಾಟುವುದಕ್ಕೆ ಎರಡರಿಂದ ಎರಡೂವರೆ ತಿಂಗಳು. ಅಲ್ಲಿನ ರಾಸ್ಬಿ ಅಲೆಯ ವೇಗ ಅದರ ಮೂರನೇ ಒಂದು, ವಾಪಸ್ ಬರುವುದಕ್ಕೆ ಆರೇಳು ತಿಂಗಳು. 2023ರ ಎಲ್ ನಿನೋಗೆ ಮುಂಚೆ, ಮಾರ್ಚ್, ಏಪ್ರಿಲಿನಲ್ಲೇ ಐದರಿಂದ ಹತ್ತು ಸೆಂಟಿಮೀಟರ್ ಎತ್ತರದ ಕೆಲ್ವಿನ್ ಅಲೆಗಳು ದಕ್ಷಿಣ ಅಮೆರಿಕದ ಕಡೆ ಹೋಗುವುದನ್ನು ಉಪಗ್ರಹ ನೋಡಿತ್ತು. ಬಸ್ಸು ಹಿಂದಿನ ಸ್ಟಾಪು ಬಿಟ್ಟಿದೆ ಅಂತ ಗೊತ್ತಾದ ಹಾಗೆ. ದಾರಿಯಲ್ಲಿ ಕೆಟ್ಟು ನಿಲ್ಲಲೂಬಹುದು.

ಪ್ರಶ್ನೆ: ಡೊಂಬಿವಲಿಯಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸುತ್ತೇನೆ, ನಡುವೆ ಸ್ವಲ್ಪ ವಿಜ್ಞಾನ. ಮೇಲೆ ಕಾಣದ, ಒಳಗೆ ಮಾತ್ರ ಇರುವ ಅಲೆ ಅಂತ ಹೇಳಿದರೆ ಮಕ್ಕಳು ನಗುತ್ತಾರೆ. ತೋರಿಸುವುದು ಹೇಗೆ?

ಉತ್ತರ: ಒಂದು ಲೀಟರಿನ ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ ಮೇಡಂ. ಅರ್ಧ ನೀರು ಹಾಕಿ, ನೀಲಿ ಬಣ್ಣ ಒಂದೆರಡು ತೊಟ್ಟು ಕಲಸಿ. ಮೇಲೆ ಕುತ್ತಿಗೆವರೆಗೆ ಅಡುಗೆ ಎಣ್ಣೆ ತುಂಬಿ, ಗಾಳಿ ಉಳಿಯಬಾರದು. ಮುಚ್ಚಳ ಬಿಗಿ ಮಾಡಿ ಅಡ್ಡ ಮಲಗಿಸಿ, ಒಂದು ತುದಿ ಮೆಲ್ಲಗೆ ಎತ್ತಿ ಇಳಿಸಿ. ನೀರು, ಎಣ್ಣೆ ಸೇರುವ ಗೆರೆಯ ಮೇಲೆ ದೊಡ್ಡ ಅಲೆಯೊಂದು ಸೋಮಾರಿ ಎಮ್ಮೆಯ ಹಾಗೆ ಆ ಕಡೆ, ಈ ಕಡೆ ಹೋಗುತ್ತದೆ. ಬರೀ ನೀರಿನ ಬಾಟಲಿಯಲ್ಲಿ ಅಷ್ಟು ನಿಧಾನದ ಅಲೆ ಬರುವುದೇ ಇಲ್ಲ.

ಸಮುದ್ರದಲ್ಲಿ ಎಣ್ಣೆಯ ಜಾಗದಲ್ಲಿ ಬಿಸಿಲು ಕಾಯಿಸಿದ ಹಗುರ ನೀರಿನ ಪದರ, ಕೆಳಗೆ ತಣ್ಣನೆಯ ಭಾರದ ನೀರು. ತೂಕದ ವ್ಯತ್ಯಾಸ ಸಾವಿರಕ್ಕೆ ಬರೀ ಮೂರು ಅಂತ ಹಿಡಿಯಿರಿ. ವ್ಯತ್ಯಾಸ ಇಷ್ಟು ಕಡಿಮೆ ಇರುವುದರಿಂದಲೇ ಮೇಲೆ ಹತ್ತು ಸೆಂಟಿಮೀಟರ್ ಉಬ್ಬಿದರೆ ಒಳಗಿನ ಗೆರೆ ಮೂವತ್ತು ಮೀಟರಿನಷ್ಟು ಕೆಳಗಿಳಿದಿರುತ್ತದೆ. ಹತ್ತು ಮಹಡಿ ಕಟ್ಟಡದಷ್ಟು! ಇದನ್ನು ಹೇಳಿದಾಗ ನಗುವುದು ನಿಲ್ಲಬಹುದು. ಒಂದು ಮಾತು, ಬಾಟಲಿಗೆ ಭೂಮಿಯ ತಿರುಗುವಿಕೆ ತಿಳಿಯುವುದಿಲ್ಲ, ಹಾಗಾಗಿ ಅಲೆ ಪಶ್ಚಿಮಕ್ಕೇ ಹೋಗುವುದನ್ನು ಇದರಲ್ಲಿ ತೋರಿಸುವುದಕ್ಕಾಗಲ್ಲ, ಅದಕ್ಕೆ ಮೇಲೆ ಹೇಳಿದ ಗೋಡೆ ಗಡಿಯಾರವೇ ಗತಿ.

ಮುಚ್ಚಳಕ್ಕೆ ಟೇಪ್ ಸುತ್ತುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಈ ಅಂಕಣದ ಮೊದಲ ಕರಡು ಇನ್ನೂ ಎಣ್ಣೆ ಎಣ್ಣೆ ಇದೆ.